ಮೂರನೇ ಕ್ರೋಮೋಸೋಮಿನ ಮೇಲೆ ವಿಜಯಪುರದ ಬಿಸಿಲು

ಎಂಎಸ್ಸಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಹಣ್ಣಿನ ನೊಣ ತಗೊಂಡಿದ್ದೇನೆ ಅಂದಾಗ ಅಪ್ಪ ಕೇಳಿದ್ದು ಇಷ್ಟೇ: “ಮಣೂಕ ಒಣಗಿಸೋ ಶೆಡ್ಡಿನ್ಯಾಗ ಮುಕರಿರ್ತಾವಲ್ಲ, ಆ ಸಣ್ಣ ನೊಣ ಏನವಾ?”

ಹೌದು, ಅವೇ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟ. ಕಟಾವು ಶುರುವಾದರೆ ಒಡೆದ ಹಣ್ಣಿನ ಮೇಲೆಲ್ಲ ಅವು ಕೂತಿರುತ್ತವೆ. ಎಳ್ಳಿನಷ್ಟು ಮೈ, ಕೆಂಪು ಕಣ್ಣು. ಚಿಕ್ಕವಳಿದ್ದಾಗಿನಿಂದ ಕೈ ಬೀಸಿ ಓಡಿಸುತ್ತಿದ್ದ ಹುಳ.

ನಾನು ಅದನ್ನು ಆರಿಸಿಕೊಳ್ಳಲು ಒಂದು ಕಾರಣ ಇತ್ತು. ಬಿಎಸ್ಸಿಯಿಂದ ಎಷ್ಟೋ ಪರೀಕ್ಷೆಯಲ್ಲಿ ಒಂದೇ ಸಾಲು ಬರೆದಿದ್ದೆ: ಕೆಲವು ಪ್ರೋಟೀನುಗಳು ಡಿಎನ್‌ಎ ಮೇಲೆ ಗೊತ್ತಾದ ಜಾಗದಲ್ಲಿ ಕೂತು ಜೀನನ್ನು ಚಾಲೂ ಮಾಡುತ್ತವೆ, ಇಲ್ಲವೇ ಬಂದ್ ಮಾಡುತ್ತವೆ. ಕೆಳಗೆ ಒಂದು ಗೆರೆ, ಗೆರೆಯ ಮೇಲೆ ಮೊಟ್ಟೆಯಂಥ ಒಂದು ಆಕಾರ, ಪಕ್ಕದಲ್ಲಿ ಒಂದು ಬಾಣ. ಪೂರ್ತಿ ಅಂಕ ಬರುತ್ತಿತ್ತು. ಆದರೆ ಆ ಬಾಣ ನಿಜವಾಗಿ ಏನು ಅನ್ನೋದು ನನಗೆ ಗೊತ್ತಿರಲಿಲ್ಲ. ಜೀನ್ ಚಾಲೂ ಆದರೆ ಅದು ಹೇಗೆ ಕಾಣಬೇಕು? ಈ ಪ್ರಶ್ನೆಯನ್ನು ನಮ್ಮ ಮೇಡಂ ಹತ್ತಿರ ಕೇಳಿದೆ.

“ಕಣ್ಣಲೆ ನೋಡಬೇಕಂದ್ರ ಒಂದ ದಾರಿ ಐತಿ,” ಅಂದರು. “ಹುಳದ ಜೊಲ್ಲಿನ ಗ್ರಂಥಿ ತಗಿಯೋದು ಕಲಿ. ಮುಂದಿಂದು ಅದ ತೋರಿಸ್ತೈತಿ.”

ನಮ್ಮ ಜೀವಕೋಶದ ಕ್ರೋಮೋಸೋಮುಗಳನ್ನು, ಅಂದರೆ ಡಿಎನ್‌ಎಯ ಉದ್ದ ಎಳೆಗಳನ್ನು, ಕೋಶ ಒಡೆಯುವ ಹೊತ್ತಿನಲ್ಲಿ ಮಾತ್ರ ಸರಿಯಾಗಿ ನೋಡಬಹುದು. ಆಗ ಅವು ಬಿಗಿಯಾಗಿ ಸುತ್ತಿಕೊಂಡಿರುತ್ತವೆ, ಕೆಲಸ ಮಾಡುತ್ತಿರುವುದಿಲ್ಲ. ಹಣ್ಣಿನ ನೊಣದ ಮರಿಹುಳದಲ್ಲಿ ಹಾಗಲ್ಲ. ಅದರ ಜೊಲ್ಲಿನ ಗ್ರಂಥಿಯ ಕೋಶಗಳು ಒಡೆಯದೇ ಡಿಎನ್‌ಎಯನ್ನು ಮಾತ್ರ ಮತ್ತೆ ಮತ್ತೆ ನಕಲು ಮಾಡುತ್ತವೆ. ಹತ್ತು ಸಲ ದುಪ್ಪಟ್ಟಾದರೆ ಸಾವಿರದಷ್ಟು ಎಳೆ. ಅವೆಲ್ಲ ಬೇರೆಯಾಗದೆ ಒಂದರ ಪಕ್ಕ ಒಂದು ಅಂಟಿಕೊಂಡು ದಪ್ಪ ಹಗ್ಗದಂತಾಗುತ್ತವೆ. ಸಾಧಾರಣ ಮೈಕ್ರೋಸ್ಕೋಪಿನಲ್ಲೇ ಅದರ ಅಡ್ಡಪಟ್ಟಿಗಳು ಕಾಣುತ್ತವೆ. ಮುಖ್ಯ ವಿಷಯ ಇನ್ನೊಂದಿದೆ. ಈ ಕ್ರೋಮೋಸೋಮ್ ಕೆಲಸದಲ್ಲಿರುತ್ತದೆ. ಯಾವ ಜಾಗದ ಜೀನ್ ಜೋರಾಗಿ ನಡೆಯುತ್ತಿದೆಯೋ ಅಲ್ಲಿ ಎಳೆಗಳು ಸಡಿಲವಾಗಿ ಊದಿಕೊಳ್ಳುತ್ತವೆ. ಅದಕ್ಕೆ ಪಫ್ ಅನ್ನುತ್ತಾರೆ. ನನ್ನ ನೋಟ್‌ಬುಕ್ಕಿನ ಬಾಣ ಅಂದರೆ ಈ ಪಫ್.

ಶೆಡ್ಡಿನ ನೊಣ ಹಿಡಿದರೆ ಯಾವ ಜಾತಿ ಅಂತ ಮೊದಲು ಗುರುತಿಸಬೇಕು. ಅದಕ್ಕೆ ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲಾ (ಹಣ್ಣಿನ ನೊಣದ ವೈಜ್ಞಾನಿಕ ಹೆಸರು) ಸಂಗ್ರಹ ಕೇಂದ್ರದಿಂದ ಒರೆಗಾನ್-ಕೆ ಅನ್ನುವ ತಳಿ ತರಿಸುವುದು ಅಂತಾಯಿತು. ಪರಿಚಯದವರೊಬ್ಬರು ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಬಾಟ್ಲಿ ಕೈಚೀಲದಲ್ಲಿಟ್ಟುಕೊಂಡು ಬಂದರು. ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಇಳಿಸಿಕೊಂಡೆ. ಹತ್ತಿ ಬಿರಡೆ ಸಡಿಲಾಗಿರಲಿಲ್ಲ. ನೊಣಗಳು ಬಾಟ್ಲಿಯೊಳಗೆ ಆರಾಮಾಗಿ ಓಡಾಡುತ್ತಿದ್ದವು.

ಅವುಗಳ ಊಟ ಮಾಡುವುದು ನಮ್ಮ ಅಡುಗೆಮನೆಯ ಕೆಲಸವೇ. ಒಂದು ಲೀಟರ್ ನೀರಿಗೆ ನೂರು ಗ್ರಾಂ ರವಾ, ನೂರು ಗ್ರಾಂ ಬೆಲ್ಲ, ಹತ್ತು ಗ್ರಾಂ ಅಗರ್. ಗಂಟು ಕಟ್ಟದಂತೆ ತಿರುವುತ್ತಾ ಕುದಿಸಬೇಕು. ಬೂಷ್ಟು ಹಿಡಿಯದಿರಲು ಇಳಿಸಿದ ಮೇಲೆ ಏಳೂವರೆ ಎಂಎಲ್ ಪ್ರೊಪಿಯೋನಿಕ್ ಆಸಿಡ್. ಬಾಟ್ಲಿಗೆ ಸುರಿದು ಆರಿದ ಮೇಲೆ ಒಂದು ಹನಿ ಯೀಸ್ಟ್. ಬೆಲ್ಲ ನಮ್ಮ ಮನೆಯದೇ, ಮಹಾಲಿಂಗಪುರದ ಪೇಟೆಯಿಂದ ತಂದದ್ದು. ಆಸಿಡ್ ಹಾಕುವ ತನಕ ಲ್ಯಾಬಿನಲ್ಲಿ ಸಜ್ಜಕದ ವಾಸನೆ.

ಆ ತಿರುವುವ ಹೊತ್ತಿನಲ್ಲೇ ಮೇಡಂ ನೊಣದ ಮೊಟ್ಟೆಯ ಕಥೆ ಹೇಳಿದ್ದು. ಅದನ್ನು ಇಲ್ಲಿ ಬಿಡಲು ಮನಸ್ಸಿಲ್ಲ. ಅರ್ಧ ಮಿಲಿಮೀಟರ್ ಉದ್ದದ ಮೊಟ್ಟೆ. ಇಟ್ಟ ಮೊದಲ ಎರಡು ಮೂರು ಗಂಟೆಯಲ್ಲಿ ಒಳಗಿನ ನ್ಯೂಕ್ಲಿಯಸ್ ಒಡೆದು ಒಡೆದು ಸುಮಾರು ಆರು ಸಾವಿರ ಆಗುತ್ತದೆ. ನಡುವೆ ಗೋಡೆಯೇ ಇರುವುದಿಲ್ಲ. ಎಲ್ಲದರಲ್ಲೂ ಅದೇ ಡಿಎನ್‌ಎ. ಹಾಗಿದ್ದರೆ ತಲೆ ಎಲ್ಲಿ, ಹೊಟ್ಟೆ ಎಲ್ಲಿ ಅಂತ ಯಾರು ಹೇಳಬೇಕು? ತಾಯಿ ಹೇಳಿರುತ್ತಾಳೆ. ಬೈಕಾಯ್ಡ್ ಅನ್ನುವ ಪ್ರೋಟೀನಿನ ಸಂದೇಶವನ್ನು ಆಕೆ ಮೊಟ್ಟೆಯ ಒಂದೇ ತುದಿಯಲ್ಲಿ ಕಟ್ಟಿಟ್ಟಿರುತ್ತಾಳೆ. ಅಲ್ಲಿ ಪ್ರೋಟೀನ್ ತಯಾರಾಗಿ ಹರಡುತ್ತದೆ. ಆ ತುದಿಯಲ್ಲಿ ಜಾಸ್ತಿ, ದೂರ ಹೋದಂತೆ ಕಡಿಮೆ. ಜಾಸ್ತಿ ಇರುವಲ್ಲಿ ತಲೆ. ಬೈಕಾಯ್ಡ್ ಡಿಎನ್‌ಎ ಮೇಲೆ ಕೂತು ಹಂಚ್‌ಬ್ಯಾಕ್ ಅನ್ನುವ ಇನ್ನೊಂದು ಜೀನನ್ನು ಎಬ್ಬಿಸುತ್ತದೆ. ಹಂಚ್‌ಬ್ಯಾಕ್ ಕೂಡ ಡಿಎನ್‌ಎ ಮೇಲೆ ಕೂರುವ ಪ್ರೋಟೀನೇ. ಅದು ಮತ್ತೆ ಕೆಲವನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ.

ಇದೆಲ್ಲ ಸೇರಿ ಮೂರು ಗಂಟೆಯ ಹೊತ್ತಿಗೆ ಈವನ್-ಸ್ಕಿಪ್ಡ್ ಅನ್ನುವ ಜೀನ್ ಮೊಟ್ಟೆಯ ಸುತ್ತ ಏಳು ಪಟ್ಟೆಯಾಗಿ ಮೂಡುತ್ತದೆ, ಸೀರೆಯ ಪಟ್ಟಿಯಷ್ಟು ನೇರ. ಎರಡನೇ ಪಟ್ಟೆಗೆ ಡಿಎನ್‌ಎಯಲ್ಲಿ ತನ್ನದೇ ಒಂದು ತುಂಡು ಇದೆ. ಅಲ್ಲಿ ಬೈಕಾಯ್ಡ್, ಹಂಚ್‌ಬ್ಯಾಕ್ ಕೂತರೆ ಜೀನ್ ಏಳುತ್ತದೆ. ಜೈಂಟ್, ಕ್ರುಪೆಲ್ ಅನ್ನುವ ಬೇರೆ ಎರಡು ಪ್ರೋಟೀನು ಕೂತರೆ ಮಲಗುತ್ತದೆ. ಮೊಟ್ಟೆಯ ಒಂದು ಸಣ್ಣ ಜಾಗದಲ್ಲಿ ಮಾತ್ರ ಎಬ್ಬಿಸುವವರು ಇದ್ದು ಮಲಗಿಸುವವರು ಇರುವುದಿಲ್ಲ. ಆ ಜಾಗವೇ ಪಟ್ಟೆ. ಮೊಟ್ಟೆಯ ಬೆಳವಣಿಗೆ ನಡೆಸುವ ಜೀನುಗಳನ್ನು ಹುಡುಕಿದ್ದಕ್ಕೆ ನುಸ್ಲೈನ್-ಫೋಲ್ಹಾರ್ಡ್, ವೀಶೌಸ್, ಲೂಯಿಸ್ ಮೂವರಿಗೆ 1995ರಲ್ಲಿ ನೊಬೆಲ್ ಬಂತು.

“ಪ್ರೋಟೀನಿಗೆ ತನ್ನ ಜಾಗ ಹ್ಯಾಂಗ ಗೊತ್ತಾಗ್ತೈತ್ರಿ?” ಅಂತ ಕೇಳಿದೆ.

“ನಿಮ್ಮವ್ವ ಜ್ವಾಳ ಹಸನ ಮಾಡೋವಾಗ ಹಳ್ಳು ಹ್ಯಾಂಗ ಗೊತ್ತಾಗ್ತೈತಿ? ಟಿವಿ ನೋಡಕೋಂತ ಕುಂತಿರ್ತಾರ, ಬೆರಳಿಗೆ ಗೊತ್ತಾಗ್ತೈತಿ.”

ಈ ಮಾತು ನನಗೆ ಪುಸ್ತಕಕ್ಕಿಂತ ಹತ್ತಿರ ಬಂತು. ಡಿಎನ್‌ಎಯ ಎರಡು ಎಳೆ ಬಿಚ್ಚಬೇಕಿಲ್ಲ. ಹೆಣಿಗೆಯ ಹೊರಗೆ ಒಂದು ಅಗಲ ತೋಡು ಇರುತ್ತದೆ. ಡಿಎನ್‌ಎಯ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರಗಳ ಅಂಚು ಆ ತೋಡಿನಲ್ಲಿ ಹೊರಗೆ ಇಣುಕುತ್ತಿರುತ್ತದೆ. ಬೈಕಾಯ್ಡ್‌ನಂಥ ಪ್ರೋಟೀನಿನಲ್ಲಿ ಅರವತ್ತು ಅಮೈನೋ ಆಮ್ಲದ ಒಂದು ಭಾಗ ಇದೆ, ಹೋಮಿಯೋಡೊಮೇನ್ ಅಂತ. ಅದರ ಮೂರನೇ ಸುರುಳಿ ಈ ತೋಡಿಗೆ ಬೆರಳಿನಂತೆ ಇಳಿಯುತ್ತದೆ. ಟಿ-ಎ-ಎ-ಟಿ-ಸಿ-ಸಿ ಅನ್ನುವ ಸಾಲು ತಾಗಿದರೆ ಹಿಡಿದು ಕೂರುತ್ತದೆ. ಬೇರೆ ಸಾಲಾದರೆ ಬಿಟ್ಟು ಮುಂದೆ ಹೋಗುತ್ತದೆ.

ಮೊದಲ ಸಲದ ನೊಣಗಳು ನನಗೆ ದಕ್ಕಲಿಲ್ಲ. ಮಾರ್ಚ್ ಮುಗಿಯುತ್ತಾ ಬಂದಿತ್ತು. ಸ್ಟೇಷನ್ ರೋಡಿನ ನನ್ನ ರೂಮಿನಲ್ಲಿ ಮಧ್ಯಾಹ್ನ 35 ಡಿಗ್ರಿ. ಇವಕ್ಕೆ ಬೇಕಾದದ್ದು 25. ಹೆಣ್ಣು ಮೊಟ್ಟೆ ಇಡುತ್ತಿತ್ತು, ಆದರೆ ಹುಳ ಏಳುತ್ತಿರಲಿಲ್ಲ. 30 ಡಿಗ್ರಿ ದಾಟಿದರೆ ಗಂಡು ನೊಣ ಬಂಜೆಯಾಗುತ್ತದೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಹತ್ತು ದಿನ ಹೋಯಿತು. ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿ ನೋಡಿ ಇಟ್ಟ ದಿನಗಳು ಅವು. ಅತ್ತೂ ಇದ್ದೇನೆ.

ಪರಿಹಾರ ಹೇಳಿದ್ದು ಅವ್ವ. ಊರಿಂದ ಒಂದು ದೊಡ್ಡ ಹರವಿ, ಅದರೊಳಗೆ ಕೂರುವ ಒಂದು ಗಡಿಗೆ ಕಳಿಸಿದಳು. ನಡುವೆ ಉಸುಕು ತುಂಬಿ ದಿನಕ್ಕೆ ಮೂರು ಸಲ ನೀರು ಹಾಕುವುದು, ಮೇಲೆ ಹಸಿ ಗೋಣಿಚೀಲ. ನಮ್ಮ ಕಡೆ ಗಾಳಿ ಒಣ ಇರುವುದರಿಂದ ನೀರು ಬೇಗ ಆರುತ್ತದೆ, ಒಳಗೆ ಅಷ್ಟೇ ತಂಪು. ಗಡಿಗೆಯೊಳಗೆ ಥರ್ಮಾಮೀಟರ್ ಇಟ್ಟೆ: 26. ಮೈಸೂರಿನಿಂದ ಮತ್ತೆ ನೊಣ ಬಂದವು. ಐದನೇ ದಿನ ಹುಳಗಳು ಊಟ ಬಿಟ್ಟು ಗಾಜಿನ ಗೋಡೆ ಹತ್ತತೊಡಗಿದವು. ನನಗೆ ಬೇಕಾದ ವಯಸ್ಸು ಅದೇ.

ಗ್ರಂಥಿ ತೆಗೆಯುವುದನ್ನು ಕಲಿಯಲು ಒಂದು ವಾರ ಹಿಡಿಯಿತು. ಸ್ಲೈಡಿನ ಮೇಲೆ ಒಂದು ಹನಿ ಉಪ್ಪುನೀರು. ಅದರಲ್ಲಿ ಹುಳ. ಒಂದು ಸೂಜಿಯಿಂದ ಬಾಯಿಯ ಕಪ್ಪು ಕೊಕ್ಕೆಯನ್ನು ಒತ್ತಿ ಹಿಡಿಯಬೇಕು, ಇನ್ನೊಂದನ್ನು ಮೈಯ ನಡುವೆ ಇಟ್ಟು ಹಿಂದಕ್ಕೆ ಮೆಲ್ಲಗೆ ಎಳೆಯಬೇಕು. ಕರುಳು, ಕೊಬ್ಬು ಎಲ್ಲ ಹೊರಗೆ ಬರುತ್ತದೆ. ಅದರ ಜೊತೆ ಎರಡು ಪಾರದರ್ಶಕ ಚೀಲ, ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ. ಬೆಳ್ಳಗೆ ಕಾಣುವುದು ಕೊಬ್ಬು, ಅದನ್ನು ಬಿಡಿಸಿ ತೆಗೆಯಬೇಕು. ಆಮೇಲೆ ಆರ್ಸೀನ್ ಬಣ್ಣದಲ್ಲಿ ಅರ್ಧ ಗಂಟೆ. 45 ಶೇಕಡಾ ಅಸಿಟಿಕ್ ಆಸಿಡ್ ಹನಿಯಲ್ಲಿಟ್ಟು ಕವರ್‌ಸ್ಲಿಪ್ ಮುಚ್ಚಿ ಪೆನ್ಸಿಲ್ ಹಿಂಭಾಗದಿಂದ ತಟ್ಟುವುದು. ಕೊನೆಗೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ಒತ್ತುವುದು. ಕವರ್‌ಸ್ಲಿಪ್ ಕೂದಲೆಳೆಯಷ್ಟು ಜಾರಿದರೂ ಎಲ್ಲ ಹರಿದು ಹೋಗುತ್ತದೆ. ಮೊದಲ ಹದಿನೈದು ಸ್ಲೈಡು ಹಾಗೇ ಹೋದವು.

ಹದಿನಾರನೆಯದರಲ್ಲಿ ಕಂಡಿತು. ನಡುವೆ ಒಂದು ಗಂಟು, ಅದರಿಂದ ಐದು ಉದ್ದ ತೋಳು, ಒಂದು ಮೋಟು. ಕೆನ್ನೇರಳೆ ಪಟ್ಟಿ, ತಿಳಿ ಪಟ್ಟಿ, ಮತ್ತೆ ಕೆನ್ನೇರಳೆ. ಉಸಿರು ಬಿಗಿ ಹಿಡಿದು ನೋಡಿದೆ. ಅಮೆರಿಕದ ಕ್ಯಾಲ್ವಿನ್ ಬ್ರಿಡ್ಜಸ್ 1935ರಲ್ಲಿ ಈ ಪಟ್ಟಿಗಳನ್ನೆಲ್ಲ ಎಣಿಸಿ ನಕ್ಷೆ ಬರೆದ. ಒಂದರಿಂದ 102ರ ತನಕ ಭಾಗ, ಪ್ರತಿ ಭಾಗಕ್ಕೆ ಎ ಇಂದ ಎಫ್ ತನಕ ಉಪಭಾಗ. ಇವತ್ತಿಗೂ ನೊಣದ ಜೀನುಗಳ ವಿಳಾಸ ಹೇಳಲು ಅದೇ ನಕ್ಷೆ ಬಳಸುತ್ತಾರೆ. ಅದರ ದೊಡ್ಡ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೆ.

ನಾನು ಹುಡುಕುತ್ತಿದ್ದದ್ದು ಮೂರನೇ ಕ್ರೋಮೋಸೋಮಿನ ಎಡ ತೋಳಿನಲ್ಲಿ ಅಕ್ಕಪಕ್ಕ ಇರುವ ಎರಡು ಪಫ್: 74ಇಎಫ್, 75ಬಿ. ಹುಳ ನೊಣವಾಗುವ ಮುಂಚಿನ ಅಲುಗಾಡದ ಹಂತಕ್ಕೆ ಪ್ಯೂಪಾ ಅನ್ನುತ್ತಾರೆ. ಹುಳ ಪ್ಯೂಪಾ ಆಗುವ ಕೆಲವು ಗಂಟೆ ಮುಂಚೆ ಅದರ ರಕ್ತದಲ್ಲಿ ಎಕ್ಡೈಸೋನ್ ಹಾರ್ಮೋನ್ ಏರುತ್ತದೆ. ಹಾರ್ಮೋನ್ ಕೋಶದೊಳಗೆ ಬಂದು ತನ್ನ ಗ್ರಾಹಕ ಪ್ರೋಟೀನನ್ನು ಹಿಡಿಯುತ್ತದೆ. ಆ ಗ್ರಾಹಕವೇ ಡಿಎನ್‌ಎ ಮೇಲೆ ಕೂರುವ ಪ್ರೋಟೀನ್, ಯುಎಸ್‌ಪಿ ಅನ್ನುವ ಜೊತೆಗಾರನೊಂದಿಗೆ ಜೋಡಿಯಾಗಿ. ಅದು ಎಬ್ಬಿಸುವ ಜೀನುಗಳಲ್ಲಿ ಈ ಎರಡು ಪಫ್‌ಗಳ ಜೀನುಗಳೂ ಇವೆ.

ಹುಳದ ವಯಸ್ಸು ಸರಿಯಾಗಿ ತಿಳಿಯಲು ಊಟಕ್ಕೆ ಬ್ರೋಮೋಫಿನಾಲ್ ಬ್ಲೂ ಬೆರೆಸಿದೆ. ಹುಳ ಊಟ ಬಿಟ್ಟ ಮೇಲೆ ಕರುಳು ಖಾಲಿಯಾಗುತ್ತಾ ಬರುತ್ತದೆ. ಕರುಳು ಗಾಢ ನೀಲಿ ಇದ್ದರೆ ಪ್ಯೂಪಾ ಆಗಲು ಇನ್ನೂ ಅರ್ಧ ದಿನಕ್ಕಿಂತ ಜಾಸ್ತಿ ಇದೆ. ನೀಲಿ ಪೂರ್ತಿ ಹೋಗಿದ್ದರೆ ಆರು ಗಂಟೆಯೊಳಗೆ. ಹೊರಗಿನಿಂದಲೇ ಕಾಣುವ ಗಡಿಯಾರ.

ನೀಲಿ ಹೋದ ಹುಳಗಳನ್ನು ಆರಿಸಿ ಮೂರು ಸ್ಲೈಡ್ ಮಾಡಿದೆ. ಮೂರರಲ್ಲೂ ಮೂರನೇ ಕ್ರೋಮೋಸೋಮಿನ ಮೇಲೆ ಅಕ್ಕಪಕ್ಕ ಎರಡು ಪಫ್! ಓಡಿಹೋಗಿ ಮೇಡಂ ಕರೆದುಕೊಂಡು ಬಂದೆ. ಅವರು ಬಹಳ ಹೊತ್ತು ನೋಡಿದರು. ಗೋಡೆಯ ನಕ್ಷೆ ನೋಡಿದರು, ಮತ್ತೆ ಕಣ್ಣಿಟ್ಟರು.

“ಇದು ಯಾವ ತೋಳು?”

“ಎಡಗಡೇದ್ರಿ.”

“ತುದಿ ನೋಡು. ಪಟ್ಟಿ ಎಣಸು.”

ಎಣಿಸಿದೆ. ಬಲ ತೋಳು. 87ಎ ಮತ್ತು 87ಸಿ.

“ನೀಲಿ ಹುಳದಾಗ ಏನೈತಿ?”

ನೀಲಿ ಕರುಳಿನ ಎಳೆ ಹುಳಗಳ ಸ್ಲೈಡ್ ಇಟ್ಟೆ. ಅಲ್ಲೂ ಅದೇ ಎರಡು ಪಫ್. ವಯಸ್ಸಿಗೂ ಇವಕ್ಕೂ ಸಂಬಂಧವೇ ಇರಲಿಲ್ಲ.

“ಹುಳ ಎಷ್ಟಕ್ಕ ತಂದಿ? ಹ್ಯಾಂಗ ತಂದಿ?” ಅಂತ ಕೇಳಿದರು. ಮಧ್ಯಾಹ್ನ ಹನ್ನೆರಡಕ್ಕೆ, ಸ್ಕೂಟಿಯ ಡಿಕ್ಕಿಯಲ್ಲಿಟ್ಟುಕೊಂಡು. ಹೊರಗೆ ಅವತ್ತು 40 ದಾಟಿತ್ತು. ಗಡಿಗೆಯ ತಂಪಿನಿಂದ ತೆಗೆದು ಇಪ್ಪತ್ತು ನಿಮಿಷ ಕಾದ ಡಬ್ಬಿಯಲ್ಲಿ ಹಾಕಿದ್ದೆ.

87ಎ, 87ಸಿ ಎರಡರಲ್ಲೂ ಇರುವುದು ಎಚ್‌ಎಸ್‌ಪಿ70 ಜೀನುಗಳು. ಬಿಸಿಯಿಂದ ಕೋಶದ ಪ್ರೋಟೀನುಗಳು ಆಕಾರ ಕಳೆದುಕೊಳ್ಳುವಾಗ ಅವನ್ನು ಕಾಪಾಡುವ ಪ್ರೋಟೀನ್ ಇವುಗಳಿಂದ ಬರುತ್ತದೆ. ಇಟಲಿಯ ಫೆರುಚ್ಚಿಯೊ ರಿಟೋಸಾ ಬಿಸಿ ತಾಗಿದ ಹುಳಗಳಲ್ಲಿ ಹೊಸ ಪಫ್ ಏಳುವುದನ್ನು ಕಂಡು 1962ರಲ್ಲಿ ಪ್ರಕಟಿಸಿದರು. ಅವರ ಲ್ಯಾಬಿನಲ್ಲೂ ಯಾರೋ ಪೆಟ್ಟಿಗೆಯ ಉಷ್ಣತೆ ಏರಿಸಿಬಿಟ್ಟಿದ್ದರಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸ್ಲೈಡ್ ಕೆಟ್ಟಿತು ಅನ್ನುವ ಬೇಜಾರು ಹೋಗಿತ್ತು. ನಮ್ಮೂರಿನ ಮಧ್ಯಾಹ್ನದ ಬಿಸಿಲು ಹುಳದ ಕ್ರೋಮೋಸೋಮಿನ ಎರಡು ಗೊತ್ತಾದ ಜಾಗದಲ್ಲಿ ಮೂಡಿತ್ತು, ಅದನ್ನು ನಾನು ಕಣ್ಣಾರೆ ನೋಡಿದ್ದೆ.

ಅಲ್ಲಿ ನಡೆಯುವುದನ್ನು ಇಲ್ಲಿ ಬರೆಯಲೇಬೇಕು. ಎಚ್‌ಎಸ್‌ಎಫ್ ಅನ್ನುವ ಪ್ರೋಟೀನ್ ತಂಪಿನಲ್ಲಿ ಒಂಟೊಂಟಿಯಾಗಿ ಸುಮ್ನೆ ಇರುತ್ತದೆ. ಬಿಸಿ ತಾಗಿದ ಕೂಡಲೇ ಮೂರು ಮೂರು ಕೂಡಿಕೊಳ್ಳುತ್ತವೆ. ಒಂಟಿಯಾಗಿ ಹಿಡಿತ ಸಿಗದ ಜಾಗದಲ್ಲಿ ಮೂರು ಸೇರಿದರೆ ಗಟ್ಟಿಯಾಗಿ ಕೂರುತ್ತವೆ. ಆ ಜಾಗದ ಗುರುತು ಜಿ-ಎ-ಎ ಅನ್ನುವ ಅಕ್ಷರಗಳು, ಸ್ವಲ್ಪ ಸ್ವಲ್ಪ ಅಂತರದಲ್ಲಿ ಮತ್ತೆ ಮತ್ತೆ ಬರುತ್ತವೆ. ಜೀನನ್ನು ಓದುವ ಪಾಲಿಮರೇಸ್ ಯಂತ್ರ ಮೊದಲೇ ಅಲ್ಲಿ ಬಂದು, ಓದಲು ಶುರು ಮಾಡಿ, ಕೆಲವೇ ಅಕ್ಷರ ದಾಟಿ ನಿಂತಿರುತ್ತದೆ. ಎಚ್‌ಎಸ್‌ಎಫ್ ಕೂತ ಮೇಲೆ ಹೊರಡುತ್ತದೆ, ಹಿಂದೆಯೇ ಮತ್ತೊಂದು, ಇನ್ನೊಂದು. ಕೆಲವೇ ನಿಮಿಷದಲ್ಲಿ ಪಫ್. ಆಗ ಬೇರೆ ಬಹಳಷ್ಟು ಜೀನುಗಳ ಕೆಲಸ ನಿಲ್ಲುತ್ತದೆ. ನನ್ನ 74, 75 ಕಾಣದೇ ಇದ್ದದ್ದು ಇದೇ ಕಾರಣಕ್ಕೆ. ಖಾತ್ರಿ ಮಾಡಿಕೊಳ್ಳಲು ತಂಪಿನಲ್ಲೇ ಇಟ್ಟ ಹುಳಗಳನ್ನು 37 ಡಿಗ್ರಿ ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಇಟ್ಟು ನೋಡಿದೆ. ಸ್ಕೂಟಿಯ ಸ್ಲೈಡಿನ ಪಡಿಯಚ್ಚು.

ಆಮೇಲೆ ಕೆಲಸದ ಹೊತ್ತು ಬದಲಾಯಿತು. ಲ್ಯಾಬಿನ ಕಾಕಾ ಬೆಳಿಗ್ಗೆ ಐದೂವರೆಗೆ ಬಾಗಿಲು ತೆಗೆಯಲು ಒಪ್ಪಿದರು. ಬೆಳಗಿನ ತಂಪಿನಲ್ಲಿ, ಹಸಿ ಬಟ್ಟೆ ಸುತ್ತಿದ ಬಾಟ್ಲಿ ಕೈಯಲ್ಲೇ ಹಿಡಿದು, ಗೋಲಗುಮ್ಮಟದ ಹಿಂದೆ ಬೆಳಕು ಹರಿಯುವ ಹೊತ್ತಿಗೆ ಹೋಗುತ್ತಿದ್ದೆ. ದೀಪವನ್ನೂ ದೂರ ಇಟ್ಟೆ.

ಗಾಢ ನೀಲಿ ಹುಳದಲ್ಲಿ ಈಗ 87 ಸುಮ್ಮನಿತ್ತು. ಬದಲಿಗೆ 68ಸಿಯಲ್ಲಿ ಒಳ್ಳೆ ದಪ್ಪ ಪಫ್. ಅಲ್ಲಿ ಅಂಟಿನ ಜೀನುಗಳಿವೆ. ಹುಳ ಪ್ಯೂಪಾ ಆಗುವಾಗ ಗೋಡೆಗೆ ಅಂಟಿಕೊಳ್ಳಲು ಬೇಕಾದ ಅಂಟನ್ನು ಈ ಗ್ರಂಥಿಯೇ ಮಾಡುತ್ತದೆ. ನೀಲಿ ಹೋದ ಹುಳದಲ್ಲಿ 68ಸಿ ಇಳಿದಿತ್ತು. ಆಗತಾನೇ ಅಲುಗಾಡುವುದು ನಿಲ್ಲಿಸಿ ಬೆಳ್ಳಗೆ ಗಾಜಿಗೆ ಅಂಟಿದ್ದ ಒಂದನ್ನು ತೆಗೆದೆ. ಈ ಬಿಳಿ ಬಣ್ಣ ಒಂದು ಗಂಟೆ ಕೂಡ ಇರುವುದಿಲ್ಲ, ಕಂದಾಗಿಬಿಡುತ್ತದೆ. ಅದರ ಸ್ಲೈಡಿನಲ್ಲಿ, ಎಡ ತೋಳಿನಲ್ಲಿ, ಮೂರು ಸಲ ಎಣಿಸಿದ ಮೇಲೆ, 74ಇಎಫ್ ಮತ್ತು 75ಬಿ. ಮೋಡದ ಹಾಗೆ ತಿಳಿಯಾಗಿ ಊದಿದ್ದವು.

ಮೇಡಂ ಈ ಸಲ ಏನೂ ಕೇಳಲಿಲ್ಲ. ಪಕ್ಕದ ಸ್ಟೂಲಿನಲ್ಲಿ ಕೂತು ಆಶ್‌ಬರ್ನರ್ ಮಾಡಿದ ಕೆಲಸ ಹೇಳಿದರು. ಕೇಂಬ್ರಿಡ್ಜಿನ ಮೈಕೆಲ್ ಆಶ್‌ಬರ್ನರ್ ಗ್ರಂಥಿಗಳನ್ನು ಹೊರಗೆ ತೆಗೆದು ತಟ್ಟೆಯಲ್ಲಿಟ್ಟು ಎಕ್ಡೈಸೋನ್ ಹಾಕಿ ನೋಡಿದವರು. ಮೊದಲು ಕೆಲವು ಪಫ್ ನಿಮಿಷಗಳಲ್ಲಿ ಏಳುತ್ತವೆ, ಕೆಲವು ಗಂಟೆಯಲ್ಲಿ ಇಳಿಯುತ್ತವೆ. ಆಮೇಲೆ ನೂರಕ್ಕೂ ಹೆಚ್ಚು ಬೇರೆ ಪಫ್ ಏಳುತ್ತವೆ. ಹೊಸ ಪ್ರೋಟೀನ್ ತಯಾರಾಗದಂತೆ ಔಷಧಿ ಹಾಕಿದರೆ ಮೊದಲಿನವು ಏಳುತ್ತವೆ ಆದರೆ ಇಳಿಯುವುದಿಲ್ಲ, ಎರಡನೇ ಸಾಲಿನವು ಏಳುವುದೇ ಇಲ್ಲ. ಅಂದರೆ ಮೊದಲ ಜೀನುಗಳಿಂದ ಬರುವ ಪ್ರೋಟೀನೇ ಎರಡೂ ಕೆಲಸ ಮಾಡುತ್ತಿರಬೇಕು, ತನ್ನ ಜೀನನ್ನು ಮುಚ್ಚುವುದು, ಮುಂದಿನದನ್ನು ತೆರೆಯುವುದು. ಅವರು 1974ರಲ್ಲಿ ಇದನ್ನು ಹೇಳಿದಾಗ ಆ ಪ್ರೋಟೀನುಗಳನ್ನು ಯಾರೂ ಕೈಗೆ ತೆಗೆದುಕೊಂಡಿರಲಿಲ್ಲ. ಬರೀ ಪಫ್ ಏಳುವ, ಇಳಿಯುವ ಹೊತ್ತು ಬರೆದಿಟ್ಟುಕೊಂಡು ಹೇಳಿದ್ದು. ಮುಂದೆ ಆ ಜೀನುಗಳನ್ನು ಬಿಡಿಸಿ ನೋಡಿದರೆ 74ಇಎಫ್‌ನ ಇ74, 75ಬಿಯ ಇ75 ಎರಡೂ ಡಿಎನ್‌ಎ ಮೇಲೆ ಕೂರುವ ಪ್ರೋಟೀನುಗಳೇ. ಇಷ್ಟು ತಾಳ್ಮೆಯಿಂದ ನೋಡುವ ಕಣ್ಣು ಇದ್ದರೆ ಸಾಕು, ದೊಡ್ಡ ಯಂತ್ರ ಆಮೇಲೆ ಬರಬಹುದು ಅಂತ ನನಗೆ ಅವತ್ತು ಬಲವಾಗಿ ಅನಿಸಿತು.

ಎರಡನೇ ಸಾಲಿನ ಪಫ್ ನೋಡುವ ಆಸೆಯಿಂದ ಇನ್ನೂ ಕೆಲವು ದಿನ ಐದೂವರೆಗೆ ಹೋದೆ. 78ಡಿ ಒಂದು ಸಲ ಚೆನ್ನಾಗಿ ಸಿಕ್ಕಿತು. ಪ್ಯೂಪಾ ಆಗಿ ಒಂದು ದಿನ ಕಳೆದದ್ದನ್ನು ಬಿಡಿಸಿದರೆ ಗ್ರಂಥಿಯೇ ಇರಲಿಲ್ಲ. ಹಾರ್ಮೋನಿನ ಮುಂದಿನ ಅಲೆಯಲ್ಲಿ ಅದೇ ಸರಣಿ ಗ್ರಂಥಿಯ ಕೋಶಗಳನ್ನು ಸಾಯಿಸುವ ಜೀನುಗಳನ್ನೂ ತೆರೆಯುತ್ತದೆ. ನೊಣಕ್ಕೆ ಇನ್ನು ಆ ಗ್ರಂಥಿ ಬೇಕಿಲ್ಲ.

ಪರೀಕ್ಷೆ ಮುಗಿದ ಮೇಲೆ ಅಪ್ಪ ಸಾಮಾನು ಒಯ್ಯಲು ಬಂದಿದ್ದ. ಲ್ಯಾಬಿಗೆ ಕರೆದುಕೊಂಡು ಹೋಗಿ ಸ್ಕೂಟಿಯ ಸ್ಲೈಡ್ ಇಟ್ಟು ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. “ಈ ಉಬ್ಬು ಬಿಸಲಿಂದ ಎದ್ದಿದ್ದ?” ಅಂದ. ಹೌದು ಅಂದೆ. “ಶೆಡ್ಡಿನ್ಯಾಗಿನ ನೊಣಕ್ಕೂ ಹಿಂಗ ಆಕ್ಕಿರಬೇಕಲ್ಲ.” ಅದಕ್ಕೂ ಹೌದು ಅಂದೆ.

ನೇಲ್ ಪಾಲಿಷ್ ಹಚ್ಚಿ ಅಂಚು ಮುಚ್ಚಿದರೂ ಈ ಸ್ಲೈಡುಗಳು ಬಹಳ ದಿನ ಇರುವುದಿಲ್ಲ. ಜೂನ್ ಹೊತ್ತಿಗೆ ಎಲ್ಲ ಒಣಗಿ ಬಿರಿದಿದ್ದವು. ಪೆನ್ಸಿಲ್ಲಿನಲ್ಲಿ ಬರೆದ ಹನ್ನೊಂದು ಚಿತ್ರ ನನ್ನ ಹತ್ತಿರ ಇವೆ. ಮೂರರ ಕೆಳಗೆ ಬಿಸಿಲಿನ ಹುಳ ಅಂತ ಬರೆದು ತಾರೀಖು ಹಾಕಿದ್ದೇನೆ.